ಶಿವಸಂಗಪ್ಪನ ಕೆಂಪು

ಇಳಕಲ್ಲಾಗ ಒಬ್ಬ ಗಂಡಸಿಗೆ ಕಿವಿ ಮಂದ ಅಂದ್ರ ನಡೀತದ. ಬುದ್ಧಿ ಮಂದ ಅಂದ್ರೂ, ಮೊದಲು ಒಂದು ಚಾ ಕುಡಿಸಿ ಅಂದ್ರ, ನಡೀತದ. ಆದ್ರ ಬಣ್ಣ ತಿಳ್ಯಂಗಿಲ್ಲ ಅಂತ ಅಂದು ನೋಡ್ರಿ, ಆ ಮನಿಶ್ಯಾ ಮತ್ತ ನಿಮ್ಮ ಮನಿ ಮುಂದ ಹಾಯಂಗಿಲ್ಲ. ಹಾಯ್ದ್ರೂ ಉಗುಳಿ ಹಾಯತಾನ.

ಅಂಥಾ ಊರಾಗ ಶಿವಸಂಗಪ್ಪನ ಕಣ್ಣಿಗೆ ಒಂದು ಹೆಸರಿತ್ತು. ನೂಲಿಗೆ ಬಣ್ಣ ಹಾಕೋದು ಅವನ ಕಸಬು. ಅಪ್ಪನ ಕಾಲದ ಹಂಡೇವು, ಅಪ್ಪನ ಕಾಲದ ಒಲಿ, ಮೊಳಕೈ ತನಕಾ ಯಾವಾಗೂ ಯಾವುದರೆ ಒಂದು ಬಣ್ಣ. ಅವನ ಕೈ ನೋಡಿ ಓಣಿ ಮಂದಿ ಇವತ್ತು ಯಾವ ಸಾವಕಾರನ ನೂಲು ಕುದ್ದದ ಅಂತ ಹೇಳ್ತಿದ್ದರು. ದಾಳಿಂಬರ ಕೆಂಪಿಗೂ ಗಿರಿ ಕುಂಕುಮದ ಕೆಂಪಿಗೂ ಇರೋ ಫರಕು ಅಂವ ಕತ್ತಲದಾಗ ಮೂಸಿ ಹೇಳ್ತಾನ ಅಂತ ಸುದ್ದಿ ಇತ್ತು. ಸುದ್ದಿ ಹುಟ್ಟಿಸಿದಾಂವಾ ಅಂವಽ. ಹುಟ್ಟಿದ ಮ್ಯಾಲೆ ಸುದ್ದಿ ತಾನಽ ಬೆಳೀತು, ಅದಕ್ಕ ಅಂವ ಜವಾಬ್ದಾರ ಅಲ್ಲ.

ಅವನ ಹೇಣ್ತಿ ಗುರುಲಿಂಗವ್ವ. ಆಕಿ ತಮ್ಮ ಶಂಭು ಪುಣೆದಾಗ ಟ್ರಾವೆಲ್ಸ್ ಗಾಡಿ ಹೊಡೀತಿದ್ದ. ಎರಡು ಸಾವಿರದ ಏಳನೇ ಇಸವಿ ದೀಪಾವಳಿಗೆ ಅಂವ ಊರಿಗೆ ಬರೋ ಮುಂದ ಬಗಲಾಗ ಒಂದು ಕರೇ ಪೆಟಗಿ ಹಿಡಕೊಂಡು ಬಂದ. ಅದು ಟಿವಿಗೆ ಹಚ್ಚಿ ಆಟ ಆಡೋ ಪೆಟಗಿ. ಮಾಲಕನ ಮಕ್ಕಳು ಹೊಸಾದು ತಗೊಂಡಿದ್ದರು, ಹಳೇದು ಇವಗ ಬಂದಿತ್ತು. ಆಟಕ್ಕಂತ ತಂದಿದ್ದಿಲ್ಲ ಅಂವ. ಅದರಾಗ ಸಿಡಿನೂ ನಡೀತಿತ್ತು. ಹತ್ತು ವರ್ಷದ ಹಿಂದಿನ ತನ್ನ ಲಗ್ನದ ಕ್ಯಾಸೆಟ್ಟು ಅಂವ ಪುಣೆದಾಗ ಸಿಡಿ ಮಾಡಿಸಿದ್ದ. ಅದರಾಗ ಅವರವ್ವ ಮಾಯವ್ವ ಇದ್ದಳು. ಮಾಯವ್ವ ತೀರಿ ವರ್ಷ ಆಗಿತ್ತು. ಅಕ್ಕ ಅವ್ವನ್ನ ನೋಡಲಿ ಅಂತ ಪೆಟಗಿ ತಂದಿದ್ದ.

ಗುರುಲಿಂಗವ್ವ ಸಿಡಿ ಕೈಯಾಗ ಹಿಡದು ಕಣ್ಣಿಗೆ ಒತ್ತಿಕೊಂಡಳು. ಈಗ ನೋಡಿದ್ರ ಹಬ್ಬದ ಅಡಗಿ ಕೆಡತದ ಅಂತ ಹೇಳಿ ಜಗಲಿ ಮ್ಯಾಲೆ ದೇವರ ಹಿಂದ ಇಟ್ಟಳು.

ಪೆಟಗಿ ಮಾತ್ರ ಶಿವಸಂಗಪ್ಪನ ಕೈಗೆ ಬಂತು. ಮನ್ಯಾಗ ದೊಡ್ಡ ಟಿವಿ ಇತ್ತು. ಪೆಟಗಿಯಿಂದ ಬಂದ ವಾಯರಿಗೆ ಕೆಂಪ, ಹಸರ, ನೀಲಿ ಅಂತ ಮೂರು ಮೂತಿ. ಟಿವಿ ಹಿಂದನೂ ಅವಽ ಮೂರು ಬಣ್ಣದ ತೂತು. ಇಷ್ಟು ನೋಡಿದ್ದಽ ಶಿವಸಂಗಪ್ಪಗ ಇದು ನಮ್ಮ ಕುಲದ ಸಾಮಾನು ಅನಿಸಿಬಿಟ್ಟಿತು.

ಹಚ್ಚಿದ ಕೂಡಲೆ ಪೆಟಗಿ ಒಂದು ಪ್ರಶ್ನಿ ಕೇಳ್ತು. ಟಿವಿಗೆ ಬಣ್ಣ ಹೆಂಗ ಕಳಸ್ಲಿ ಅಂತ. ಎರಡು ದಾರಿ ಇದ್ದವು. ಒಂದರ ಮುಂದ ಆರ್ ಜಿ ಬಿ ಅಂತ ಇತ್ತು. ಇನ್ನೊಂದರ ಮುಂದ ವೈ, ಪಿಬಿ, ಪಿಆರ್ ಅಂತ ಏನೇನೋ.

"ಮಾಲಕರ ಮನ್ಯಾಗ ಎರಡನೇದು ಇತ್ರಿ ಮಾಮಾ" ಅಂದ ಶಂಭು.

"ಆರ್ ಅಂದ್ರ ಏನು?"

"ರೆಡ್ ರಿ. ಕೆಂಪ."

"ಜಿ?"

"ಹಸರ. ಬಿ ಅಂದ್ರ ನೀಲಿ."

"ಮತ್ತ ಈ ವೈ ಅಂದ್ರ?"

ಶಂಭುಗ ಅದು ಗೊತ್ತಿದ್ದಿಲ್ಲ. ಶಿವಸಂಗಪ್ಪ ಅವನ ಹೆಗಲ ಮ್ಯಾಲೆ ಕೈ ಇಟ್ಟು, ತಮ್ಮಾ, ಕೆಂಪ ಹಸರ ನೀಲಿ ಈ ಮೂರನ್ನ ನಾ ಹುಟ್ಟಿದಾಗಿಂದ ಕುದಿಸ್ಲಿಕ್ಕ ಹತ್ತೇನಿ, ಗುರುತು ಇಲ್ಲದ ವೈ ಬಲ್ಲಿ ನಾ ಯಾಕ ಹೋಗಲಿ ಅಂತ ಕೇಳಿದ. ಕೇಳಿ ಮೊದಲನೇದನ್ನ ಒತ್ತಿದ.

ಟಿವಿ ತುಂಬ ಬೀಟ್ರೂಟಿನ ಸಾರು ಚೆಲ್ಲಿದಂಗಾತು. ಆಟದಾಗ ಒಂದು ಕಾರು ಓಡಬೇಕು. ಆ ಕಾರು, ರಸ್ತಾ, ಗಿಡ, ಆಕಾಶ ಎಲ್ಲಾ ನೇರಳೆ ಗುಲಾಬಿ. ಬ್ಯಾರೆ ಯಾರರೆ ಆಗಿದ್ರ ಹಿಂದಕ್ಕ ಹೋಗಿ ಎರಡನೇದು ಒತ್ತತಿದ್ದರು. ಆದ್ರ ಬಣ್ಣಗಾರ ಎಂದೂ ಹಿಂದಕ್ಕ ಹೋಗಂಗಿಲ್ಲ. ಹಂಡೆದಾಗ ಹಾಕಿದ ಬಣ್ಣ ಹೊರಗ ತಗೀಲಿಕ್ಕೆ ಬರ್ತದೇನ್ರಿ? ಕೆಂಪ ಹೆಚ್ಚಾದ್ರ ಮ್ಯಾಲೆ ಒಂದೀಟು ಹಸರು ಹಾಕಿ ಕೊಲ್ಲತಾನ. ಅದಽ ಕಸಬು. ಶಿವಸಂಗಪ್ಪ ಪೆಟಗಿ ಬಿಟ್ಟು ಟಿವಿ ರಿಮೋಟು ಹಿಡದ. ಟಿವಿಯೊಳಗಿನ ಬಣ್ಣ ಇಳಿಸಿದ, ಹಸರು ಏರಿಸಿದ, ಮತ್ತ ಇಳಿಸಿದ. ಗಿರಿ ಕುಂಕುಮದ ಒಂದು ನೂಲಿನ ಲಡಿ ತಂದು ಟಿವಿ ಮಗ್ಗಲಕ್ಕ ಹಿಡದ. ಆಟದಾಗಿನ ಕಾರು ಲಡಿ ಬಣ್ಣಕ್ಕ ಕೂಡೋ ತನಕಾ ರಿಮೋಟು ಒತ್ತಿದ.

ಮಗ್ಗಲಮನಿ ಅಯೂಬ, ಓಣಿಗೆಲ್ಲ ಕೇಬಲ್ಲು ಕೊಟ್ಟಾಂವಾ, ಬಾಗಿಲದಾಗ ನಿಂತು ನೋಡ್ತಿದ್ದ. ಅಂವ ಮೆಲ್ಲಕ ಕೇಳಿದ:

"ಕಾಕಾ, ಆ ಕಾರು ಗಿರಿ ಕುಂಕುಮಽ ಅಂತ ನಿಮಗ ಯಾರು ಹೇಳಿದರು?"

"ಇಷ್ಟು ಚಂದ ಕಾರಿಗೆ ಬ್ಯಾರೆ ಯಾವ ಕೆಂಪ ಹಚ್ಚತಾರೋ?" ಅಂದ ಶಿವಸಂಗಪ್ಪ.

ಅಯೂಬ ಚಪ್ಪಲಿ ಮೆಟ್ಟಿ ತನ್ನ ಮನಿ ಕಡೆ ನಡದ. ನಾನಿದ್ರೂ ಅದನ್ನಽ ಮಾಡತಿದ್ದೆ.

ಶಂಭು ಪುಣೆಗೆ ಹ್ವಾದ. ಶಿವಸಂಗಪ್ಪ ಕಾರು ಹೊಡೀಲಿಕ್ಕೆ ಕುಂತ. ಕಾರು ಎಡಕ್ಕ ತಿರುಗಿದ್ರ ತಾನೂ ಎಡಕ್ಕ ವಾಲತಿದ್ದ. ಬಲಕ್ಕ ತಿರುಗಿದ್ರ ಚಾದ ಕಪ್ಪಿನ ಮ್ಯಾಲೆ ಬೀಳತಿದ್ದ. ಅಲ್ಲಿಗೆ ಎಲ್ಲಾ ಸುಖಽ ಇತ್ತು. ಆದ್ರ ಟಿವಿ ಒಂದಽ. ಸಂಜಿಗೆ ಗುರುಲಿಂಗವ್ವ ಸುದ್ದಿ ಹಚ್ಚಿದಳು. ಸುದ್ದಿ ಓದೋ ಹುಡುಗಿ ಮಾರಿ ನೋಡಿ, "ಪಾಪ, ಈಕಿಗೆ ಕಾಮಾಲಿ ಆಗೇದರಿ" ಅಂದಳು. ಮುಂದಿನ ಚಾನಲ್ಲಿಗೆ ಹ್ವಾದಳು. ಅಲ್ಲಿಯವರಿಗೂ ಆಗಿತ್ತು. ಧಾರಾವಾಹಿಯೊಳಗ ಅತ್ತಿ, ಸೊಸಿ, ಡಾಕ್ಟರು ಎಲ್ಲಾರಿಗೂ ಆಗಿತ್ತು.

"ಅವರಿಗೆ ಏನೂ ಆಗಿಲ್ಲ. ಇಷ್ಟು ದಿನಾ ನೀವು ನೋಡಿದ್ದು ಹೆಚ್ಚಿಗಿ ಕೆಂಪ. ಈಗ ಹದಾ ಬಂದದ" ಅಂದ ಶಿವಸಂಗಪ್ಪ.

ಮಾತು ಓಣಿ ತುಂಬ ಹಬ್ಬಿತು. ಶಿವಸಂಗಪ್ಪನ ಕಣ್ಣು ಅಂದ್ರ ಸಣ್ಣ ಮಾತೇನು? ಮಂದಿ ತಮ್ಮ ತಮ್ಮ ಟಿವಿ ಮ್ಯಾಲೆ ಸಂಶೆ ಪಡಲಿಕ್ಕೆ ಹತ್ತಿದರು. ಶಿವಸಂಗಪ್ಪ ಲಡಿ ಹಿಡಕೊಂಡು, ದವಾಖಾನಿ ಡಾಕ್ಟರು ಮನಿಗೆ ಬಂದಂಗ, ಮನಿ ಮನಿಗೆ ಹೋಗಿ ಟಿವಿ ನೋಡಿದ. ಕೆಂಪ ಏರೇದ ಅಂತ ಹೇಳಿ ಇಳಿಸಿ, ಚಾ ಕುಡದು ಬಂದ. ವಾರದಾಗ ಇಡೀ ಓಣಿ ಹಸರಾತು. ಹಸರಾದ ಮ್ಯಾಲೆ ಓಣಿ ಹೆಣ್ಣುಮಕ್ಕಳು ಅಯೂಬನ್ನ ಹಿಡದರು. ಕೇಬಲ್ಲಿನ ರೊಕ್ಕ ಪೂರಾ ತಗೋತಿ, ಬಣ್ಣ ಅರ್ಧಾ ಕಳಸ್ತಿ ಏನೋ ಅಂತ ಬೈದರು. ಅಯೂಬ ಕಂಬ ಏರಿದ, ಡಬ್ಬಿ ಬಿಚ್ಚಿದ, ಓಣಿ ತುಂಬ ವಾಯರು ಬದಲಿ ಮಾಡಿದ. ಕಂಬದ ಮ್ಯಾಲೆ ಕುಂತು ಅಂವ ಕೆಳಗ ನಿಂತ ಶಿವಸಂಗಪ್ಪಗ ಹೇಳಿದ್ದು ಇಷ್ಟು: "ಕಾಕಾ, ನೀವು ಭಾಳ ದೊಡ್ಡವರು. ನನ್ನ ಧಂದೆ ಅಷ್ಟ ಬಿಟ್ಟುಬಿಡ್ರಿ."

ಇಲ್ಲಿಗೆ ಮುಗದಿದ್ರ ಇದು ನಕ್ಕು ಮರಿಯೋ ಕಥಿ ಆಗತಿತ್ತು. ಮುಗೀಲಿಲ್ಲ.

ಮಗಳು ಚೇತನಾನ್ನ ಕೆರೂರಿಗೆ ಕೊಟ್ಟಿದ್ದರು. ಆಕಿ ಬಸಿರಾಗಿ, ಕುಬಸದ ದಿನಾ ಗೊತ್ತಾತು. ಬಸರ ಹೆಂಗಸಿಗೆ ಹಸರ ಸೀರಿ ಉಡಿಸಿ, ಹಸರ ಬಳಿ ಇಡಿಸಿ ಆರತಿ ಮಾಡೋ ಕಾರ್ಯ ಅದು. ಸುದ್ದಿ ಬಂದ ದಿನಾ ಗುರುಲಿಂಗವ್ವ ಜಗಲಿ ಮ್ಯಾಲಿನ ಸಿಡಿ ಇಳಿಸಿ ಗಂಡನ ಮುಂದ ತಂದಿಟ್ಟಳು.

"ನನ್ನ ಕುಬಸಕ್ಕ ನಮ್ಮವ್ವ ಒಂದು ಸೀರಿ ಉಟಗೊಂಡು ಬಂದಿದ್ದಳು, ನಿಮಗ ನೆನಪೈತೇನ್ರಿ? ಶಂಭುನ ಲಗ್ನದಾಗೂ ಅದನ್ನಽ ಉಟ್ಟಿದ್ದಳು."

ಆಕಿ ಆಶೆ ಇಷ್ಟಽ ಇತ್ತು. ಮಗಳ ಕುಬಸಕ್ಕ ತಾನೂ ಅಂಥಾದ್ದಽ ಉಟಗೊಂಡು ಹೋಗಬೇಕು. ಆ ಸೀರಿ ಈಗ ಇದ್ದಿಲ್ಲ. ಅದನ್ನ ಉಡಿಸಿಽ ಮಾಯವ್ವನ್ನ ಮಣ್ಣಿಗೆ ಇಟ್ಟಿದ್ದರು. ಅದರ ನೂಲಿಗೆ ಬಣ್ಣ ಹಾಕಿದಾಂವಾ ಶಿವಸಂಗಪ್ಪನ ಅಪ್ಪ. ಅಂವಾ ಎಲ್ಲಾ ಕೈ ಅಳತಿಲೆ ಹಾಕತಿದ್ದ, ಕೈ ಅವನ ಕೂಡ ಹೋಗಿತ್ತು. ಹಂಗಾಗಿ ಆ ಬಣ್ಣ ಉಳಿದಿದ್ದು ಎರಡಽ ಜಾಗಾದಾಗ. ಒಂದು ಸಿಡಿಯೊಳಗ, ಇನ್ನೊಂದು ಗುರುಲಿಂಗವ್ವನ ತಲಿಯೊಳಗ. ಮದಿವ್ಯಾಗಿ ಬಂದಾಗಿಂದ ಗಂಡನ್ನ ಏನೂ ಕೇಳದಾಕಿ ಇದೊಂದು ಕೇಳಿದ್ದಳು.

"ಎಂಥಾ ಬಣ್ಣ ಅದು?" ಕೇಳಿದ ಶಿವಸಂಗಪ್ಪ.

ಮಾಯವ್ವ ಅಮೀನಗಡದಾಕಿ, ಕರದಂಟಿನ ಅಂಗಡ್ಯಾಗ ದುಡದಾಕಿ. ಗುರುಲಿಂಗವ್ವ ಕಣ್ಣು ಮುಚ್ಚಿ ಹೇಳಿದಳು: "ಕರದಂಟಿನ ಬೆಲ್ಲದ ಪಾಕಾ ಹದಕ್ಕ ಬಂದು ಹೊಳೀತದಲ್ಲರಿ, ಅದರಾಗ ಒಂದು ಚಿಟಿಕಿ ಕುಂಕುಮಾ ಬಿದ್ದಂಗ."

ಇದರಕಿಂತ ಸರಳ ಯಾವ ಬಣ್ಣಗಾರಗೂ ಯಾರೂ ಹೇಳಿರಂಗಿಲ್ಲ. ಶಿವಸಂಗಪ್ಪ ಅಷ್ಟಕ್ಕಽ ಎದ್ದು ಒಲಿ ಹಚ್ಚಬೇಕಿತ್ತು. ಆದ್ರ ಅಂವ, ಹೇಳೋದು ಯಾಕ, ನೋಡಽ ನೋಡೋಣು ಅಂತ ಅಂದ. ಸಿಡಿ ಪೆಟಗಿಗೆ ಹಾಕಿದ.

ಹಂದರ ಬಂತು, ಬ್ಯಾಂಡಿನವರು ಬಂದರು, ಆರತಿ ತಟ್ಟಿ ಹಿಡಕೊಂಡು ಮಾಯವ್ವ ಬಂದಳು. ಕ್ಯಾಮರಾ ನೋಡಿ ನಾಚಿ ಸೆರಗು ಎಳಕೊಂಡಳು. ಗುರುಲಿಂಗವ್ವನ ಕಣ್ಣಾಗ ನೀರು ಬಂದವು. ನೀರು ಒರಸಿಕೊಂಡು ನೋಡಿದಳು. ಅವ್ವ ಉಟ್ಟ ಸೀರಿ ಹುಣಸಿ ತೊಪ್ಪಲ ಬೇಯಿಸಿದ ಬಣ್ಣದ್ದಿತ್ತು.

"ಇದಲ್ಲರಿ" ಅಂದಳು.

"ಇದಽ. ಕಣ್ಣ ಮುಂದ ಕಾಣ್ಲಿಕ್ಕ ಹತ್ತೇದಲ್ಲ?"

"ಅವ್ವಂದು ಕೆಂಪಿತ್ರಿ."

"ಟಿವಿ ನಾ ಲಡಿ ಹಿಡದು ಹದಾ ಮಾಡೇನಿ. ಅದು ಯಾಕ ಸುಳ್ಳು ಹೇಳ್ತದ?"

ಆಕಿ ಇನ್ನೂ ತಲಿ ಅಲ್ಲಾಡಿಸ್ತಿದ್ದಳು. ಆಗ ಶಿವಸಂಗಪ್ಪ ಭಾಳ ಸಮಾಧಾನಲೆ, ಸಾಲಿ ಮಾಸ್ತರ ಮಗ್ಗಿ ಹೇಳಿಕೊಟ್ಟಂಗ, ಒಂದು ಮಾತು ಹೇಳಿದ. ಮುಂದ ಅಂವ ಯಾವ ಮಾತನ್ನ ನುಂಗಬೇಕು ಅಂತ ಒದ್ದಾಡಿದನೋ ಆ ಮಾತು ಅದು.

"ನೆನಪು ಅಂದ್ರ ಕಚ್ಚಾ ಬಣ್ಣ ಇದ್ದಂಗ. ತೊಳದಂಗ ತೊಳದಂಗ ಬಿಡತದ. ನೀ ಮರತಿ."

ಸಾಕ್ಷಿಗೆ ಅಯೂಬನ ತಾಯಿ ದಸ್ತಗೀರಬಿನ್ನ ಕರದರು. ಆಕಿ ಮಾಯವ್ವನ ಕೂಡ ಎಷ್ಟೋ ಸಲ ಎಲಿ ಅಡಕಿ ಹಾಕ್ಕೊಂಡು ಕುಂತಾಕಿ. ಹೊಸ್ತಿಲ ದಾಟೋ ಮುಂದ "ಕೆಂಪ ಬಿಡವಾ, ಅದನ್ನೇನು ಕೇಳ್ತಿ" ಅಂತ ಅಂದಳು. ಟಿವಿ ನೋಡಿದಳು, ಶಿವಸಂಗಪ್ಪನ ಮಾರಿ ನೋಡಿದಳು, ಅವನ ಕಣ್ಣಿಗಿದ್ದ ಹೆಸರು ನೆನಪಾತು. "ನನಗೂ ಕಣ್ಣಿಗೆ ಪೊರಿ ಬಂದದವಾ" ಅಂತ ಹೇಳಿ ಚಾ ಕುಡೀದಽ ಎದ್ದು ಹ್ವಾದಳು.

ಆವತ್ತು ಗುರುಲಿಂಗವ್ವ ಅಡಗಿಮನ್ಯಾಗ ಒಲಿ ಮುಂದ ಕುಂತು ಕಣ್ಣು ಒರಸಿಕೋತಿದ್ದಳು. ಶಿವಸಂಗಪ್ಪ ಯಾಕ ಅಂತ ಕೇಳಿದ. ಹೊಗಿ ಅಂದಳು. ಒಲಿ ಹಚ್ಚಿದ್ದಿಲ್ಲ.

ಅಂವ ಬಣ್ಣ ಕುದಿಸಿದ. ಖರೆ ಹೇಳಬೇಕಂದ್ರ ಅಷ್ಟು ಕಷ್ಟದ ಬಣ್ಣ ಅವನ ಹುಟ್ಟಿನಾಗ ಕುದಿಸಿದ್ದಿಲ್ಲ. ಹಂಡೆಯಿಂದ ಒಂದು ಎಳಿ ತಗದು ಓಡಿ ಬಂದು ಟಿವಿಗೆ ಹಿಡಿಯೋದು, ಮತ್ತ ಓಡಿ ಹೋಗಿ ಒಂದು ಚಿಟಿಕಿ ಹಾಕೋದು. ಮಾಯವ್ವ ಟಿವಿಯೊಳಗ ಆರತಿ ತಟ್ಟಿ ಹಿಡದು ನಿಂತಽ ಇದ್ದಳು, ಅಳಿಯ ಎಳಿ ಹಿಡಕೊಂಡು ಬರತಽ ಇದ್ದ. ಕಡೀಕ ಕೂಡಿತು. ಕೂದಲೆಳಿಯಷ್ಟು ಫರಕಿಲ್ಲದಂಗ ಕೂಡಿತು.

ನೇಯೋ ಶಾರವ್ವ ನೂಲು ನೋಡಿ, "ಯಪ್ಪಾ, ಇದು ಬಣ್ಣ ಹಾಕಿದ ಮ್ಯಾಲೇನೋ, ಹಾಕೂಕಿಂತ ಮೊದಲೋ?" ಅಂತ ಕೇಳಿದಳು. ಅಂವ ಸಿಡಿ ಕಥಿ ಹೇಳಿದ. ಶಾರವ್ವ, ಕಣ್ಣು ಮುಚಗೊಂಡು ನೇಯ್ತೇನಿ, ಕೈಗೆ ಬಣ್ಣ ತಿಳ್ಯಂಗಿಲ್ಲಲ್ಲ ಅಂದು ಮಗ್ಗದ ಕುಣಿಗೆ ಇಳದಳು. ಸೆರಗು ಮಾತ್ರ ಇಳಕಲ್ ಸೀರಿಗೆ ಇರೋ ಟೋಪ ತೆನಿ, ಕೆಂಪ ಬಿಳಿ, ಇದ್ದದ್ದು ಇದ್ದಂಗ ನೇಯ್ದಳು. ಮೈ ಹುಣಸಿ ತೊಪ್ಪಲ, ಸೆರಗು ಕೆಂಪ. ಸೀರಿ ತಾನಽ ಇನ್ನೊಬ್ಬರ ಸೆರಗು ಕಸಗೊಂಡು ಬಂದಂಗ ಕಾಣತಿತ್ತು.

ಕೆರೂರಿಗೆ ಹ್ವಾದರು. ಚೇತನಾನ ಅತ್ತಿ ಮನಿ ಪಡಸಾಲಿ ತುಂಬ ಹೆಣ್ಣುಮಕ್ಕಳು. ಚೇತನಾ ಹಸರ ಸೀರಿ ಉಟಗೊಂಡು ಮಣಿ ಮ್ಯಾಲೆ ಕುಂತಿದ್ದಳು. ಗುರುಲಿಂಗವ್ವ ಒಳಗ ಬಂದಳು. ಮನಿಯೊಳಗಿನ ಬೆಳಕಿನ್ಯಾಗ ಆ ಸೀರಿ ಪೂರಾ ಹಸರಽ ಕಂಡಿತು. ಎಲ್ಲಾರೂ ಒಮ್ಮೆ ತಾಯಿನ್ನ, ಒಮ್ಮೆ ಮಗಳನ್ನ ನೋಡಿದರು. ಆಮ್ಯಾಲೆ ಮೂಲ್ಯಾಗಿಂದ ಒಬ್ಬ ಮುದುಕಿ ಕೇಳಿದಳು:

"ಬೀಗತಿ, ಮಣಿ ಒಂದಽ ಹಾಕೇವಲ್ಲವಾ. ನಿಮಗೂ ಒಂದು ತರಿಸೋಣೇನು?"

ಪಡಸಾಲಿ ಬಿದ್ದು ಬಿದ್ದು ನಕ್ಕಿತು. ತಾಯಿಗೆ ಎಷ್ಟನೇ ತಿಂಗಳು ಅಂತ ಒಬ್ಬಾಕಿ ಕೇಳಿದಳು, ಶಿವಸಂಗಪ್ಪ ಗಟ್ಟಿ ಅದಾನ ಬಿಡ್ರಿ ಅಂತ ಇನ್ನೊಬ್ಬಾಕಿ. ಗುರುಲಿಂಗವ್ವ ತಾನೂ ನಕ್ಕಳು. ನಗದಽ ಇದ್ರ ಮಗಳ ಕಾರ್ಯ ಕೆಡತಿತ್ತು. ನಕ್ಕು, ನಮ್ಮವ್ವನ ಸೀರಿ ಬಣ್ಣರಿ ಇದು, ಬೇಕಾದ್ರ ನನ್ನ ತಮ್ಮನ್ನ ಕೇಳ್ರಿ ಅಂದಳು.

ತಮ್ಮ ಬಂದಿದ್ದ. ಅಕ್ಕನ ಮಾತು ಉಳಿಸಬೇಕು ಅಂತ ಶಂಭು ತನ್ನ ಕಡೆ ಇದ್ದ ಅದಽ ಲಗ್ನದ ಇನ್ನೊಂದು ಸಿಡಿ ಆ ಮನಿ ಟಿವಿಗೆ ಹಾಕಿದ. ಹಂದರ ಬಂತು, ಬ್ಯಾಂಡಿನವರು ಬಂದರು. ಮಾಯವ್ವ ಬಂದಳು.

ಕೆಂಪ. ಬೆಲ್ಲದ ಪಾಕದಾಗ ಚಿಟಿಕಿ ಕುಂಕುಮಾ ಬಿದ್ದಂಥಾ ಕೆಂಪ.

ಮಾಯವ್ವ ಕ್ಯಾಮರಾ ನೋಡಿ ನಾಚಿ ಸೆರಗು ಎಳಕೊಂಡಳು. ಟಿವಿ ಮುಂದ ನಿಂತ ಗುರುಲಿಂಗವ್ವನೂ ಸೆರಗು ಎಳಕೊಂಡಳು. ಈ ಸಲ ಯಾರೂ ನಗಲಿಲ್ಲ. ಅದು ನಗೂಕಿಂತ ಕೆಟ್ಟಿತ್ತು. ಶಿವಸಂಗಪ್ಪ ಈ ಊರ ಕೇಬಲ್ಲಿನಾಂವಾ ಯಾರು ಅಂತ ಕೇಳೂದಕ್ಕ ಬಾಯಿ ತಗದ. ಸಿಡಿಗೂ ಕೇಬಲ್ಲಿಗೂ ಸಂಬಂಧ ಇಲ್ಲ ಅಂತ ಜೀವನದಾಗ ಮೊದಲನೇ ಸಲ ತಾನಽ ತಿಳಕೊಂಡು ಬಾಯಿ ಮುಚ್ಚಿದ.

ಗುರುಲಿಂಗವ್ವ ಜಗಳಾ ಮಾಡ್ಲಿಲ್ಲ. ಆರತಿ ಮಾಡಿದಳು, ಮಗಳಿಗೆ ಉಡಿ ತುಂಬಿದಳು, ಎಲ್ಲಾರಿಗೂ ಬಡಿಸಿದಳು. ಬಸ್ಸಿನ್ಯಾಗ ಕಿಡಕಿ ಮಗ್ಗಲಕ್ಕ ಕುಂತ ಮ್ಯಾಲೆ, ಹೊರಗ ನೋಡಕೋತ ಹೇಳಿದಳು:

"ನಮ್ಮವ್ವನ್ನ ನಾ ಮರತೆ ಅಂತ ಎಷ್ಟು ದಿನಾ ಅತ್ತೆ ಗೊತ್ತೇನ್ರಿ? ಮರತಿದ್ದಿಲ್ಲ ನಾನು."

ಶಿವಸಂಗಪ್ಪ ಮುಂದಿನ ಸೀಟಿನ ಕಬ್ಬಣ ಹಿಡಕೊಂಡು ಕುಂತ. ಬಸ್ಸು ಎಡಕ್ಕ ತಿರುಗಿದ್ರೂ ವಾಲಲಿಲ್ಲ, ಬಲಕ್ಕ ತಿರುಗಿದ್ರೂ ವಾಲಲಿಲ್ಲ. ಅಮೀನಗಡದಾಗ ಬಸ್ಸು ನಿಂತಾಗ ಇಳದು ಓಡಿ ಹೋಗಿ ಕರದಂಟು ತಂದ. ಆಕಿ ಪೊಟ್ಟಣ ತಗೊಂಡು ಉಡ್ಯಾಗ ಇಟಗೊಂಡಳು. ಬಿಚ್ಚಲಿಲ್ಲ. ಹುನಗುಂದ ದಾಟಿತು, ಇಳಕಲ್ಲು ಬಂತು, ಪೊಟ್ಟಣ ಹಂಗಽ ಇತ್ತು.

ಮನಿಗೆ ಬಂದು ಅಯೂಬನ್ನ ಕರದ. ಅಯೂಬ ಪೆಟಗಿ ಬಲ್ಲಿ ಬಗ್ಗಿ ಕುಂತು, ಒಮ್ಮೆ ಆಟ ಹಚ್ಚಿ ಒಮ್ಮೆ ಸಿಡಿ ಹಚ್ಚಿ ನೋಡಿದ. ಪೆಟಗಿ ಆಟಕ್ಕ ಅಷ್ಟಽ ಶಿವಸಂಗಪ್ಪ ಹೇಳಿದ ದಾರೀಲೆ ಬಣ್ಣ ಕಳಸ್ತಿತ್ತು. ಸಿಡಿ ಹಾಕಿದ್ರ ಅವನ ಮಾತು ಕೇಳದಽ ಟಿವಿಗೆ ತಿಳಿಯೋ ಹಂಗ ಕಳಸ್ತಿತ್ತು.

"ರೋಗ ಇದ್ದಿದ್ದು ಆಟಕ್ಕರಿ ಕಾಕಾ" ಅಂದ ಅಯೂಬ, "ಔಷಧಾ ನೀವು ಕುಡಿಸಿದ್ದು ಟಿವಿಗೆ. ಸಿಡಿ ಪಾಪ ಗಟ್ಟಿಮುಟ್ಟ ಇತ್ತು."

ಎರಡನೇದನ್ನ ಒತ್ತಿದರು. ಗುರುತು ಇಲ್ಲದ ಆ ವೈ. ಟಿವಿ ಬಣ್ಣ ಮೊದಲಿದ್ದಂಗ ಮಾಡಿದರು. ಗಿಡ ಹಸರಾತು, ಆಕಾಶ ನೀಲಿ ಆತು. ಅಷ್ಟು ದಿನಾ ಶಿವಸಂಗಪ್ಪ ಓಡಿಸಿದ ಗಿರಿ ಕುಂಕುಮದ ಕಾರು ಕಿತ್ತಳಿ ಬಣ್ಣದ್ದಿತ್ತು.

ಮರುದಿನ ಅಂವ ಹಂಡೆ ಏರಿಸಿದ. ಈ ಸಲ ಕೆಂಪ. ಸಿಡಿ ಹಚ್ಚಿ, ಮಾಯವ್ವನ್ನ ನಿಲ್ಲಿಸಿ, ಒಂದಕ್ಕೊಂದು ಚೂರು ಫರಕಿನ ಲಡಿ ಮ್ಯಾಲೆ ಲಡಿ ತಗದ. ಆಮ್ಯಾಲೆ ಟಿವಿ ಆರಿಸಿದ. ಲಡಿ ಎಲ್ಲಾ ಹೊರಸಿನ ಮ್ಯಾಲೆ ಸಾಲಾಗಿ ಹಾಕಿ ಗುರುಲಿಂಗವ್ವನ್ನ ಕರದು, ಟಿವಿ ಬ್ಯಾಡ, ನಾನೂ ಬ್ಯಾಡ, ನಿನ್ನ ತಲ್ಯಾಗ ಇರೋದು ಯಾವುದು ಹೇಳು ಅಂದ.

ಆಕಿ ಒಂದೊಂದಽ ಲಡಿ ಎತ್ತಿ ಬೆಳಕಿಗೆ ಹಿಡದಳು. ಕಣ್ಣು ಮುಚ್ಚಿದಳು. ತಗದಳು. ಮತ್ತ ಮುಚ್ಚಿದಳು.

"ಮೊದಲು ಗೊತ್ತಿತ್ರಿ" ಅಂದಳು. "ಈಗ ಕಣ್ಣು ಮುಚ್ಚಿದ್ರ ಹಸರಽ ಬರ್ತದ."

ಲಡಿ ಎಲ್ಲಾ ಮಡಚಿ ಇಟ್ಟು ಒಳಗ ಹ್ವಾದಳು. ಆ ಕೆಂಪ ನೂಲು ಸಾವಕಾರರ ಸೀರಿಗೆ ಹೋತು. ಪೆಟಗಿ ಅಯೂಬನ ಮನಿಗೆ ಹೋತು. ಓಣಿ ಟಿವಿಗಳನ್ನ ಅಯೂಬ ಮೊದಲಿದ್ದಂಗ ಮಾಡಿದ, ಸುದ್ದಿ ಓದೋ ಹುಡುಗಿಗೆ ಆರಾಮಾತು. ಇಳಕಲ್ಲಾಗ ಇವತ್ತಿಗೂ ಹಂಡೆದಾಗ ಬಣ್ಣ ಕೆಟ್ರ "ಶಿವಸಂಗಪ್ಪನ ಕೆಂಪ ಆತಲೇ" ಅಂತಾರ. ಕೇಳಿಸಿದ್ರೂ ಅಂವ ಯಾರ ಕೂಡನೂ ಜಗಳಾ ತಗ್ಯಂಗಿಲ್ಲ.

ಹುಣಸಿ ತೊಪ್ಪಲ ಸೀರಿ ಗುರುಲಿಂಗವ್ವ ಬಿಸಾಕಲಿಲ್ಲ. ಮನ್ಯಾಗ ದಿನಾ ಉಟ್ಟಳು. ಉಟ್ಟು ಉಟ್ಟು ಅದು ಮೆತ್ತಗಾತು. ಬಣ್ಣ ಒಂದು ಎಳಿನೂ ಬಿಡಲಿಲ್ಲ, ಅಷ್ಟು ಪಕ್ಕಾ ಹಾಕಿದ್ದ. ಚೇತನಾಗ ಹೆಣ್ಣು ಕೂಸು ಹುಟ್ಟಿ, ಮಾಯಾ ಅಂತ ಹೆಸರಿಟ್ಟ ಮ್ಯಾಲೆ, ಅದಽ ಸೀರಿ ತೊಲಿಗೆ ಕಟ್ಟಿ ಜೋಳಗಿ ಮಾಡಿ ಕೂಸಿನ್ನ ಮಲಗಿಸಿದರು.

ಮಾಯಾ ಮಾತು ಕಲತಳು. ಅಜ್ಜನ ಮನಿಗೆ ಬಂದಾಗೆಲ್ಲಾ ಸುತ್ತ ಲಡಿ, ಹಂಗಾಗಿ ಅವ್ವ ಅಪ್ಪ ಅನ್ನೂಕಿಂತ ಬಣ್ಣದ ಹೆಸರು ಹೆಚ್ಚು ಬಂದವು. ಒಂದು ಮಧ್ಯಾಹ್ನ ಜೋಳಗಿಯೊಳಗಿಂದ ಮಾರಿ ಹೊರಗ ಹಾಕಿ, ಸೀರಿ ಹಿಡದು ಎಳದು, "ಅಜ್ಜಾ, ಇದು ಯಾವ ಬಣ್ಣ?" ಅಂತ ಕೇಳಿದಳು.

ಕತ್ತಲದಾಗ ಮೂಸಿ ಬಣ್ಣ ಹೇಳೋ ಶಿವಸಂಗಪ್ಪ ಸೀರಿ ನೋಡಿದ. ಅಡಗಿಮನಿ ಬಾಗಿಲಾ ನೋಡಿದ.

"ನಿಮ್ಮ ಆಯಿಗೆ ಕೇಳವಾ" ಅಂದ. "ಆಕಿ ಏನಂತಾಳ ಅದಽ ಖರೆ."

ಒಳಗ ಗುರುಲಿಂಗವ್ವ ರೊಟ್ಟಿ ಬಡಿಯೋ ಸಪ್ಪಳ ಒಂದು ಗಳಿಗಿ ನಿಂತಿತು. ಆಮ್ಯಾಲೆ ಮತ್ತ ಚಾಲೂ ಆತು.